ನೀನು ಬಸ್ಸಿಗೆ ಎದ್ದು ಹೋದ ಮೇಲಿನ ಸಿನೆಮಾ

ಪಂಜ
24-11-2025, ಸೋಮವಾರ

ಪ್ರೀತಿಯ ಭವಿತಾ,

ಗಂಟೆ ಒಂದೂ ನಲವತ್ತು. ಕರೆಂಟು ಹೋಗಿ ಇನ್ವರ್ಟರ್ ಕೀಂ ಎಂದದ್ದಕ್ಕೆ ಎಚ್ಚರವಾಯಿತು. ಮಗು ಏಳಲಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಿದ್ದೆ, ನನಗಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಮೂರು ಸಲ ನೋಡಿದೆ, ಉಸಿರುಂಟು. ನಿನ್ನ ಗಂಟಲು ನೋವು ಹೇಗುಂಟು? ಕಷಾಯ ಕುಡಿದೆಯಾ? ಅಪ್ಪನ ಮೊಣಕಾಲಿಗೆ ಎಣ್ಣೆ ಹಚ್ಚುದು ಬಿಡಬೇಡ. ಫೋನೇ ಮಾಡಬಹುದಿತ್ತು; ಆದರೆ ರಾತ್ರಿ ನಿನ್ನ ಫೋನ್ ಅಪ್ಪನ ತಲೆಯ ಹತ್ತಿರ ಚಾರ್ಜಿಗೆ ಇರುದು, ಅವರೇ ಎತ್ತಿದರೆ ಎಂತ ಹೇಳಲಿ? ನಮ್ಮ ಪಕ್ಕದ ಮನೆಯ ಬೋಜ ಮೂರು ಗಂಟೆಗೆ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸಕ್ಕೆ ನಿಮ್ಮ ಇಚಿಲಂಪಾಡಿಗೇ ಬೈಕಿನಲ್ಲಿ ಬರುವವ. ಅವನ ಕೈಯಲ್ಲಿ ಇದನ್ನು ಕೊಡ್ತೇನೆ. ಕಿಟಕಿ ಬಡಿದದ್ದು ಅವನೇ, ಹೆದರಬೇಡ.

ನಿನ್ನೆ ಯುವಕ ಮಂಡಲದ ಹಾಲ್‌ನಲ್ಲಿ ಆ ನೂರು ವರ್ಷ ಹಳೆಯ ಮೂಕಿ ಸಿನೆಮಾ ನಡೆಯುತ್ತಿರುವಾಗಲೇ ನೀನು ಕಡಬದ ಕಡೇ ಬಸ್ಸಿಗೆಂದು ಎದ್ದೆ. ಊರು ಬಿಟ್ಟುಹೋದ ಪ್ರಿಯಕರನಿಗಾಗಿ ಏಳು ವರ್ಷ ಕಾದ ಆ ಇಸ್ತ್ರಿ ಅಂಗಡಿಯವಳು ಬಾಗಿಲಲ್ಲಿ ನಿಂತಲ್ಲಿಯವರೆಗೆ ಮಾತ್ರ ನೀನು ಕಂಡದ್ದು. ರಾತ್ರಿ ಎಂಟಕ್ಕೆ ನೀನು ಫೋನ್ ಮಾಡಿ, ಉಂಡೆಯಾ ಅಂತಲೂ ಕೇಳದೆ, "ಅಕ್ಕಾ, ಅವ ಬಂದನಾ?" ಎಂದೆ. "ಬಂದ, ಗುರುತು ಹಿಡಿದ, ಕೈ ಹಿಡಿದು ಕರಕೊಂಡೇ ಹೋದ" ಅಂತ ನಾನು ಅಂದುಬಿಟ್ಟೆ. ನೀನು ಎಷ್ಟು ನಕ್ಕೆ! "ಹಾಗಾದ್ರೆ ನಾಳೆ ಒಂಬತ್ತಕ್ಕೆ ಪೆರಾಬೆಯವರು ಮದುವೆ ಮಾತು ಮುಗಿಸ್ಲಿಕ್ಕೆ ಬಂದಾಗ ಎಲ್ಲರ ಎದುರೇ ಹೇಳ್ತೇನೆ, ನಾನು ಜಯಪ್ರಕಾಶನಿಗೆ ಕಾಯುವವಳು, ನೀವು ಬೇರೆ ಕಡೆ ನೋಡಿ ಅಂತ."

ಅವ ಬಂದದ್ದು ಮಾತ್ರ ನಿಜ, ಭವಿ. ಹೊಸ ಹೆಂಡತಿಯ ರೇಷ್ಮೆ ಬಟ್ಟೆಗೆ ಇಸ್ತ್ರಿ ಹಾಕಿಸಲಿಕ್ಕೆ ಬಂದ. ಅವಳು ಹೊರಗೆ ಗಾಡಿಯಲ್ಲಿ ಕೂತಿದ್ದಳು. ಇವಳ ಮುಖ ಸರಿಯಾಗಿಯೇ ನೋಡಿದ, ಗುರುತು ಹತ್ತಲಿಲ್ಲ. ಇವಳು ಒಂದು ಸುಕ್ಕೂ ಇಲ್ಲದ ಹಾಗೆ ತೀಡಿ, ಮಡಚಿ ಕೊಟ್ಟಳು. ಅವನ ಬಾಯಿ ಅಲ್ಲಾಡಿತು. ಹೇಳಿದ್ದು ಇಂಗ್ಲಿಷ್ ಅಕ್ಷರದಲ್ಲಿ ಪರದೆಗೆ ಬಂತು. ಹಿಂದೆ ಕೂತವರು "ಓದಿ ಮಾರಾಯ್ರೆ" ಅಂದದ್ದಕ್ಕೆ ಮೊದಲಿನಿಂದ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಇದ್ದವಳು ನಾನೇ ಅಲ್ವಾ? ಅದನ್ನೂ ಹೇಳಿದೆ: "ಚಂದ ಆಗಿದೆ. ಇನ್ನು ನಮ್ಮ ಬಟ್ಟೆಯೆಲ್ಲ ಇಲ್ಲಿಗೇ." ಅಲ್ಲಿಗೆ ಮುಗಿಯಿತು. ನಮ್ಮ ಅತ್ತೆ, "ಗಿರಾಕಿಯಾದ್ರೂ ಸಿಕ್ಕಿತಲ್ಲ ಅವಳಿಗೆ" ಅಂದ್ರು, ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಿನ್ನ ಭಾವ ನನ್ನ ಕಿವಿಯ ಹತ್ತಿರ, "ನಿನ್ನ ತಂಗಿಗೂ ಒಂದು ಇಸ್ತ್ರಿಪೆಟ್ಟಿಗೆ ತೆಗೆದುಕೊಡುವ" ಅಂದ್ರು. ನಾನೂ ನಕ್ಕೆ.

ಮನೆಯವರೆಲ್ಲ ನಿನ್ನನ್ನು ಕೇಳಿದ್ದಾರೆ ಅಂತ ಬರೆಯುದು ಕ್ರಮ. ಎಲ್ಲರೂ ಗೊರಕೆ ಹೊಡೀತಿದ್ದಾರೆ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಶರ್ಮಿಳಾ

ಮ.ವಿ.: ಮರೆತದ್ದಲ್ಲ, ಮೇಲೆ ಬರೆಯಲಿಕ್ಕೆ ಕೈ ಬರಲಿಲ್ಲ. ಜಯಪ್ರಕಾಶನ ಮದುವೆ ಆಗಿ ಐದು ವಾರ ಆಯಿತು, ಮಡಿಕೇರಿಯಲ್ಲಿ, ಹುಡುಗಿಯ ಕಡೆಯಲ್ಲಿ. ನಾನೂ ನಿನ್ನ ಭಾವನೂ ಹೋಗಿ ಊಟ ಮಾಡಿ ಬಂದೆವು. ಅವ ನಿನ್ನ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನಗೆ ಹೇಳದೆ ಇದ್ದದ್ದು ಕನಿಕರದಿಂದ ಅಲ್ಲ. ನೀನು ಮದುವೆಯಾಗಿ ಹೋದರೆ ಭಾನುವಾರ ಬಂದು ಮಗುವನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ. ವಾರದಲ್ಲಿ ನಾನು ಮಲಗುದು ಆ ಎರಡು ಗಂಟೆ ಮಾತ್ರ. ನೀನು ಕಾಯುತ್ತಲೇ ಇರಬೇಕು ಅಂತ ಇತ್ತು ನನಗೆ. ಪೆರಾಬೆಯ ಹುಡುಗನೂ ಆ ದಿನ ನಮ್ಮ ಸಾಲಿನಲ್ಲೇ ಊಟಕ್ಕೆ ಕೂತಿದ್ದ. ಅವನ ಎದುರು ಆ ಹೆಸರು ಹೇಳಬೇಡ, ಮುಖಕ್ಕೇ ನಗ್ತಾನೆ. ಅಪ್ಪನಿಗೆ ಎಚ್ಚರವಾಗದ ಹಾಗೆ ಫೋನ್ ತೆಗಿ. ಬೈಯಲಿಕ್ಕಾದರೂ ಮಾಡು. ಬೆಳಕು ಹರಿಯುವ ಮೊದಲು, ಭವಿ, ಒಮ್ಮೆ ಮಾಡು.