ಕಿವಿಯ ಹಿಂದಿನ ಬೆಂಕಿಕಡ್ಡಿ

ಮಾರ್ಚ್ 3, ಮಧ್ಯಾಹ್ನ

ಇವತ್ತೂ ಪ್ರೆಸ್ಸಿನಲ್ಲಿ ಅವನೇ. ಕಾಮಿಕ್ಸ್ ಹಾಳೆ, ಕಟ್ಟು ಕಟ್ಟು. ಸೂಪರ್‌ಹೀರೋ ಒಂದೇ ಕೈಲಿ ಲಾರಿ ತಡೆಯುತ್ತಾನೆ. ನಾವು ಅವನ ಅಂಚು ಕತ್ತರಿಸುತ್ತೇವೆ.

ನನಗೂ ಗುಂಡಕ್ಕನಿಗೂ ಒಂದೇ ಕಟಿಂಗ್ ಮೆಷಿನ್. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವಳದು. ಎರಡು ಬಟನ್, ಎರಡೂ ಕೈಲಿ ಒತ್ತಿದರೇ ಬ್ಲೇಡ್ ಇಳಿಯುವುದು — ಕೈ ಉಳಿಯಲಿ ಎಂದು. ಎಡ ಬಟನ್ ಒತ್ತಿ ಸಂದಿಗೊಂದು ಬೆಂಕಿಕಡ್ಡಿ ತುರುಕಿದರೆ ಅದು ಒತ್ತಿದಂತೆಯೇ ಇರುತ್ತದೆ. ಒಂದು ಕೈ ಬಿಡುವು, ಕೆಲಸ ದುಪ್ಪಟ್ಟು. ಕಲಿಸಿದ್ದು ಸೂಪರ್‌ವೈಸರ್. ಪಾಳಿ ಮುಗಿದಾಗ ಕಡ್ಡಿ ಕಿತ್ತು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೋಗಬೇಕು — ಇದು ನಮ್ಮನಮ್ಮೊಳಗಿನ ಕಾನೂನು. ಗುಂಡಕ್ಕ ಮಾತ್ರ ಕಡ್ಡಿ ಮುಟ್ಟುವವಳಲ್ಲ.

ಪಾಳಿ ಬದಲಾಗುವಾಗ ಕೇಳಿದಳು: "ನಿಜವಾಗ್ಲೂ ಇಂಥೋನು ಇರೋಕಾಗುತ್ತೇನೇ?"

"ನಮ್ಮ ಸಂಬಳದಲ್ಲಿ ಉಣ್ಲಿ, ಆಮೇಲೆ ಹಾರ್ಲಿ."

"ನಿನ್ ಬಾಯಿಗಿಷ್ಟು ಮಣ್ಣ್ ಹಾಕ! ಮೊಮ್ಮಗಳು ಕೇಳ್ತಾಳೆ ಕಣೇ. ಏನ್ ಹೇಳ್ಲಿ?"

"ಇಲ್ಲ ಅನ್ನು."

"ಅಳ್ತಾಳೆ."

ಮಾರ್ಚ್ 5

ಹಾಳು ಪ್ರಶ್ನೆ, ಹುಳದಂತೆ ತಲೆ ಹೊಕ್ಕಿದೆ. ಅನ್ನ ಕಲಸಿಟ್ಟು ಅದನ್ನೇ ಯೋಚಿಸಿದೆ. ನೂರು ಅಂತಸ್ತಿನಿಂದ ಬೀಳುವವಳನ್ನು ಉಕ್ಕಿನ ತೋಳಲ್ಲಿ ಹಿಡಿಯುತ್ತಾನಂತೆ. ನೆಲವೂ ಗಟ್ಟಿ, ತೋಳೂ ಗಟ್ಟಿ. ಮೂಳೆ ಉಳಿಯುತ್ತದೆಯೇ? ಮತ್ತೆ... ಅವನು ಬರುವುದು ಬಿದ್ದ ಮೇಲೆ. ಮಹಡಿಯ ಕಂಬಿ ಸಡಿಲವಾಗಿದೆ ಎಂದು ಮೊದಲೇ ಕೂಗುವವರು ಯಾವ ಪುಟದಲ್ಲೂ ಇಲ್ಲ.

ನಾಳೆ ಗುಂಡಕ್ಕನಿಗೆ ಹೇಳಬೇಕು.

ಮಾರ್ಚ್ 11

ಬರೆಯಲಾಗಲಿಲ್ಲ.

ಆರನೇ ತಾರೀಕು ಗುಂಡಕ್ಕನ ಎಡಗೈಯ ಮೂರು ಬೆರಳು ಹೋದವು. ಬಲಗೈ ಬಟನ್ ಮೇಲೆ, ಎಡಗೈ ಬ್ಲೇಡಿನ ಕೆಳಗೆ. ಇನ್ನೊಂದು ಬಟನ್ ಒತ್ತದೆ ಬ್ಲೇಡ್ ಇಳಿಯದು ಎಂದು ನಂಬಿದ್ದವಳು.

ಅವತ್ತು ಅವಳ ಜೊತೆ ಆ ಸೂಪರ್‌ಹೀರೋ ವಿಷಯಕ್ಕೆ ಜಗಳ ಆಡುತ್ತಲೇ ಹೊರಬಿದ್ದಿದ್ದೆ. ಬಸ್ಸಿನಲ್ಲಿ ಕಿವಿ ಮುಟ್ಟಿ ನೋಡಿಕೊಂಡೆ. ಕಡ್ಡಿ ಇರಲಿಲ್ಲ.

ಇಳಿಯಲಿಲ್ಲ. ಸೀಟು ಸಿಕ್ಕಿತ್ತು.

ಮಾರ್ಚ್ 13

ಆಸ್ಪತ್ರೆಗೆ ಹೋದೆ. ಕೈ ಹತ್ತಿಯ ಉಂಡೆ. ನನ್ನನ್ನು ಕಂಡು ನಕ್ಕಳು, ಹಾಳಾದವಳು.

"ಮೊಮ್ಮಗಳಿಗೆ ಏಳರ ತನಕ ಎಣಿಸೋದು ಕಲಿಸ್ತೀನಿ ಬಿಡು."

ಆಮೇಲೆ ಗೋಡೆ ನೋಡುತ್ತಾ, "ಆ ಕಡ್ಡಿ ನನ್ದಲ್ಲ ಕಣೇ. ಯಾರೂ ನಂಬ್ತಿಲ್ಲ."

ನಾನು ಹೊದಿಕೆ ಸರಿಮಾಡಿದೆ.

ಮಾರ್ಚ್ 14

ಸೂಪರ್‌ವೈಸರ್ ಕಾಗದ ಹಿಡಿದು ಬಂದ. ಶರ್ಟಿನ ಇಸ್ತ್ರಿ ಒಂದಿಷ್ಟೂ ಮುರಿದಿಲ್ಲ.

"ಕಡ್ಡಿ ಅವಳೇ ಇಟ್ಕೊಂಡಿದ್ಲು ಅಂತ ಸೈನ್ ಹಾಕು."

"ಹಾಕಿದ್ರೆ?"

"ತಪ್ಪು ಅವಳದು. ಪರಿಹಾರ ಇಲ್ಲ, ಕೆಲಸ ಇಲ್ಲ. ಫೈಲ್ ಕ್ಲೋಸ್."

"ಹಾಕದಿದ್ರೆ?"

"ಬೆಳಗಿನ ಪಾಳಿ ಯಾರದಿತ್ತು ಅಂತ ಕೇಳ್ತಾರಮ್ಮ. ನಂಗೂ ಗೊತ್ತು, ನಿಂಗೂ ಗೊತ್ತು. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀಯ?"

ಥೂ. ಕಲಿಸಿದ ಕೈ ಇವನದು, ಇಟ್ಟ ಕೈ ನನ್ನದು, ಹೋದದ್ದು ಅವಳದು. ಹಾಳೆಯ ಮೇಲಿನವನು ಇಂಥ ಕಾಗದ ಹರಿಯಲು ಒಮ್ಮೆಯೂ ಹಾರಿ ಬಂದದ್ದಿಲ್ಲ. ಯಾಕೆ ಬರುತ್ತಾನೆ? ಅವನನ್ನು ಅಚ್ಚು ಹಾಕಿಸುವವನೇ ನಮ್ಮ ಮಾಲೀಕ.

ಸೈನ್ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ.

ಮಾರ್ಚ್ 16, ಬೆಳಿಗ್ಗೆ 9.50

ಆಫೀಸಿನ ಹೊರಗಿನ ಬೆಂಚು. ಒಳಗೆ ವಿಚಾರಣೆ.

ಬೆಳಿಗ್ಗೆ ಒಂದೊಂದೇ ಮೆಷಿನ್ ಬಳಿ ಹೋಗಿ ಅವರವರ ಕಡ್ಡಿಗೆ ಕೈ ಚಾಚಿದೆ. ಯಾಕೆಂದು ಯಾರೂ ಕೇಳಲಿಲ್ಲ. ಬೈಂಡರ್ ಮುದುಕಪ್ಪ ಮಾತ್ರ, "ಕೆಲ್ಸ ಹೋಗುತ್ತೆ ಮಗಳೇ" ಎಂದ. ಎಂದವನೇ ತನ್ನದನ್ನೂ ಕಿತ್ತು ಕೊಟ್ಟ.

ಮುಷ್ಟಿಯಲ್ಲಿ ಏಳು ಕಡ್ಡಿ. ಬೆವರಿಗೆ ಮದ್ದು ಕರಗಿ ಅಂಗೈ ಕೆಂಪು.

ಬಾಗಿಲು ತೆರೆಯಿತು. ಕರೆಯುತ್ತಿದ್ದಾರೆ. ಒಳಗೆ ನಾಲಿಗೆ ತಡವರಿಸಬಾರದು, ಇಲ್ಲೇ ಬರೆದುಕೊಂಡು ಹೋಗುತ್ತೇನೆ — ಕಡ್ಡಿ ಇಟ್ಟವಳು ನಾನು. ಇಡಲು ಕಲಿಸಿದವನು —