ಹತ್ತುಮೀನು ಹಿಡಿಸಿದವರು

ಮಗ್ಗೆ, ಆಲೂರು ತಾಲ್ಲೂಕು
ಫೆಬ್ರವರಿ ೯, ಭಾನುವಾರ

ಪ್ರೀತಿಯ ರವಿಯಣ್ಣ,

ಬೆಳಿಗ್ಗೆ ನೋಡಿದೆ, ಜವರಯ್ಯಜ್ಜ ತಮ್ಮ ತೆಪ್ಪದೊಳಗೆ ಯಾರದೋ ತೋಟದ ಕಾಳುಮೆಣಸು ಒಣಹಾಕಿದ್ದರು. ನಿನಗೆ ಹೇಳಬೇಕೆನಿಸಿತು. ಹೇಗಿದ್ದೀಯ? ಮಲ್ಪೆಯ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನಿನ್ನ ಫೋನ್ ಯಾವಾಗಲೂ ಸ್ವಿಚ್ ಆಫ್. ಅದಕ್ಕೇ ನೀನು ಕೆಲಸ ಮಾಡುವ ಐಸ್ ಫ್ಯಾಕ್ಟರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಸಂಜೆ ಬಸ್ಸು ನಿಂತ ಸದ್ದಾದರೆ ಓದುತ್ತಿದ್ದ ಪುಟಕ್ಕೆ ಬೆರಳಿಟ್ಟು ಕೂರುತ್ತೇನೆ. ಇಳಿದವರೆಲ್ಲ ತಿರುವು ದಾಟಿದ ಮೇಲೆ ಮತ್ತೆ ಓದು.

ಹಿನ್ನೀರಿನಲ್ಲಿ ಮೀನಿಲ್ಲ. ಕಳೆದ ಮಳೆಗಾಲದಲ್ಲಿ ಮೊಟ್ಟೆ ತುಂಬಿಕೊಂಡು ಹಳ್ಳ ಹತ್ತಲು ಬಂದ ಹತ್ತುಮೀನನ್ನೆಲ್ಲ, ಹಿಡಿಯಬಾರದೆಂಬ ಕಾನೂನಿದ್ದರೂ, ಹಿನ್ನೀರಿನ ಮೀನು ಗುತ್ತಿಗೆ ಹಿಡಿದ ಕಂಪನಿ ಸಣ್ಣ ಕಣ್ಣಿನ ಬಲೆ ಕೊಟ್ಟು ಕೆಲಸಕ್ಕಿದ್ದ ನಿಮ್ಮೆಲ್ಲರ ಕೈಯಲ್ಲಿ ಬಾಚಿಸಿತಲ್ಲ, ಈ ವರ್ಷ ಮರಿಯೇ ಇಲ್ಲ. ಜವರಯ್ಯಜ್ಜ ಈ ವಯಸ್ಸಿನಲ್ಲಿ ಕೂಲಿಗೆಂದು ವನಗೂರಿನ ಎಸ್ಟೇಟಿಗೆ ಜೀಪು ಹತ್ತುತ್ತಾರೆ. ಮುನಿಯಮ್ಮ ಸಂತೆಯಲ್ಲಿ ಹೊರಗಿನಿಂದ ಬಂದ ಐಸ್ ಮೀನು ಮಾರುತ್ತಾಳೆ. "ಇದ್ರ ಕಣ್ಣು ನೋಡವ್ವ, ನನ್ ಗಂಡನ್ ಕಣ್ಣಿದ್ದಂಗೈತೆ, ಹೊಳಪೇ ಇಲ್ಲ" ಎಂದು ನಗಿಸುತ್ತಾಳೆ. ಯಾರೂ ನಿನ್ನನ್ನು ಬೈಯುವುದಿಲ್ಲ, ಅಣ್ಣ. ನಿನ್ನ ಹೆಸರು ಬಂದರೆ ಮಾತು ಬದಲಿಸುತ್ತಾರೆ. ನನಗೆ ಅದೇ ಕಷ್ಟ.

ಕೇಸು ನಿನ್ನೊಬ್ಬನ ಮೇಲೇ ಇದೆ. ಕೆಲಸಗಾರ ತನ್ನಿಷ್ಟಕ್ಕೆ ಹಿಡಿದ, ನಮಗೆ ಗೊತ್ತೇ ಇರಲಿಲ್ಲ ಎಂದು ಕಂಪನಿ ಕೋರ್ಟಿಗೆ ಹೇಳಿದೆ. ಊರಿನ ರೂಢಿಯಂತೆ ಮೊದಲು ಬರುವ ಹತ್ತುಮೀನನ್ನಾದರೂ ಬಿಟ್ಟುಬಿಡೋಣ ಎಂದು ನೀನು ಕೇಳಿಕೊಂಡೆ. ಮ್ಯಾನೇಜರ್ ನಟರಾಜ್ ನಮ್ಮ ಜಗಲಿಯಲ್ಲೇ ಕಾಫಿ ಕುಡಿಯುತ್ತ, "ಮೀನಿಗೆ ಬಾಣಂತನ ಮಾಡ್ಸಕ್ಕೆ ನಿಂಗೆ ಸಂಬ್ಳ ಕೊಡ್ತೀವೇನ್ಲಾ? ಬಲೆ ಬುಡು ಕಣೋ, ಕೇಸಾದ್ರೆ ಕಂಪ್ನಿ ಐತೆ" ಎಂದರು. ಅಡುಗೆಮನೆ ಬಾಗಿಲಲ್ಲಿದ್ದ ನನಗೆ ಪ್ರತಿ ಮಾತೂ ಕೇಳಿಸಿತು. ನಾನು ಕೇಳಿದ್ದನ್ನು ಕೋರ್ಟಿನಲ್ಲಿ ಹೇಳಿ ಆ ಅಪ್ಪಣೆ ಸಾಬೀತಾದರೆ ಕಂಪನಿಯೂ ಆರೋಪಿಯಾಗುತ್ತದೆ, ಮೀನುಗಾರರು ಅದರಿಂದ ಪರಿಹಾರವನ್ನೂ ಕೇಳಬಹುದು ಎನ್ನುತ್ತಾರೆ ನಿನ್ನ ವಕೀಲೆ ಶೃತಿ ಮೇಡಂ. ಅಮ್ಮ ಮಾತ್ರ, "ಮದ್ವೆ ಆಗೋ ಹುಡ್ಗಿ ಕೋರ್ಟ್ ಮೆಟ್ಲು ಹತ್ತಿದ್ರೆ ಯಾರ್ ಬತ್ತರೆ ನೋಡಕ್ಕೆ?" ಅನ್ನುತ್ತಾಳೆ. ಹಾಗೆಂದವಳೇ ಒಳಗೆ ಹೋಗಿ ನಿನ್ನ ಸ್ವೆಟರ್ ತಂದು ಬಿಸಿಲಿಗೆ ಹಾಕುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಜವರಯ್ಯಜ್ಜ ನಿನ್ನ ಕ್ಷೇಮ ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ತಂಗಿ,
ದೀಪಶ್ರೀ

ಮರೆತೆ: ಇಪ್ಪತ್ತನೇ ತಾರೀಕಿಗೆ ಕೋರ್ಟಿನ ವಾಯಿದೆ. ನಾನು ಸಾಕ್ಷಿ ಹೇಳುತ್ತೇನೆಂದು ನಿನ್ನೆ ಶೃತಿ ಮೇಡಂಗೆ ತಿಳಿಸಿ ಬಂದೆ. ಅಮ್ಮನಿಗೆ ಈ ರಾತ್ರಿ ಹೇಳಬೇಕು. ಅಷ್ಟು ಜನರೆದುರು ನನ್ನ ದನಿ ಏಳುತ್ತದೋ ಇಲ್ಲವೋ, ನೀನು ಬಂದರೆ ನನಗೆ ಕಾಣುವ ಹಾಗೆ ಕುಳಿತುಕೋ. ಬರದಿದ್ದರೂ ಹೇಳುತ್ತೇನೆ.