ಚಪ್ಪಾಳೆ ಬಿದ್ದ ದಿನ

ಔರಾದ, ೨೨ ಅಕ್ಟೋಬರ್ ೧೯೫೬

ಇವತ್ತೂ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರ್ ಗೌಸೋದ್ದೀನರಿಗೆ ನನ್ನಿಂದ ಕನ್ನಡ ಪಾಠ. ಆಡಲು ಬರುತ್ತದೆ, ಅಕ್ಷರ ಹೊಸದು. ಒತ್ತಕ್ಷರ ಬಂದರೆ ಬೆವರುತ್ತಾರೆ. ಒಂದನೇ ತಾರೀಖಿಗೆ ನಾವು ಮೈಸೂರು ರಾಜ್ಯ, ಶಾಲೆಯಲ್ಲಿ ಉರ್ದು ಹೋಗಿ ಕನ್ನಡ. ಸಮಾರಂಭಕ್ಕೆ ಹೊಸ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರೆದುರು ಕನ್ನಡ ಓದಿ ತೋರಿಸಿದರೆ ಮುದುಕನ ಕುರ್ಚಿ ಉಳಿಯಿತು. ಇಲ್ಲದಿದ್ದರೆ ಅದು ಅಸಿಸ್ಟೆಂಟ್ ಮಾಸ್ತರನಾದ ನನ್ನದು. ಎಂಟು ಸಾಲಿನ ಸ್ವಾಗತ ಪದ್ಯ ತಾವೇ ಕಟ್ಟಿದ್ದಾರೆ. ತಿದ್ದುವವ ನಾನು... ಇವರ ಕೈಯಲ್ಲೇ ಏಳು ವರ್ಷ ಉರ್ದು ಕಲಿತು ಛಡಿ ತಿಂದವ. ಕನ್ನಡ ಕಲಿತದ್ದು ಆಮೇಲೆ, ಭಾಲ್ಕಿಯಲ್ಲಿ, ಕದ್ದುಮುಚ್ಚಿ.

೨೬ ಅಕ್ಟೋಬರ್

‘ಶಾಭಾಷ್’ ಎಲ್ಲಿಯ ಮಾತೆಂದು ಕೇಳಿದೆ. ಫಾರಸಿಯಂತೆ. ‘ಶಾದ್ ಬಾಶ್’ — ಖುಷಿಯಾಗಿರು. ಹೊಗಳಿಕೆಯಲ್ಲ, ಹಾರೈಕೆ. ಏಳು ವರ್ಷದಲ್ಲಿ ಒಮ್ಮೆಯೂ ನನಗೆ ಅಷ್ಟು ಹಾರೈಸಲಿಲ್ಲ ಈ ಮನುಷ್ಯ. ಹೊಟ್ಟೆ ಉರಿಯಿತು.

ನಿಮ್ಮ ಪದ್ಯಕ್ಕೆ ಚಪ್ಪಾಳೆ ಬೀಳುತ್ತದೆ ಎಂದೆ. ಮುಖ ಸಿಂಡರಿಸಿದರು. ಮುಷಾಯಿರಾದಲ್ಲಿ, ಅವರ ಉರ್ದು ಕವಿಗೋಷ್ಠಿಯಲ್ಲಿ, ಮೆಚ್ಚಿದವರು ವಾಹ್ ವಾಹ್ ಅನ್ನುತ್ತಾರೆ, ಮರಹಬಾ ಅನ್ನುತ್ತಾರೆ.

“ಓದೋವಾಗ ಕೈ ತಟ್ಟಿದ್ರ, ಸಾಕು ಇಳಿ ಕೆಳಗ ಅಂದಂಗ. ಬೀದರದಾಗ ನನ್ನ ಉಸ್ತಾದರನ್ನ ಹಂಗ ಇಳಿಸಿದ್ರು. ಅವರು ಮತ್ತ ಬರೀಲೇ ಇಲ್ಲ.”

೩೦ ಅಕ್ಟೋಬರ್

ಏಳನೇ ಕ್ಲಾಸಿನವರಿಗೆ ಹೇಳಿದೆ: ಹೆಡ್‌ಮಾಸ್ಟರರ ಒಂದೊಂದು ಸಾಲಿಗೂ ಜೋರು ಚಪ್ಪಾಳೆ, ಅವರಿಗೆ ಗೌರವ. ಪಾಪ, ಕುಣಿದಾಡಿದವು.

೧ ನವೆಂಬರ್, ಸಂಜೆ

ಮುಗಿಯಿತು. ಮೊದಲ ಸಾಲಿಗೇ ಹಾಲ್ ಗುಡುಗಿತು. ಮುದುಕ ಬಿಳಚಿಕೊಂಡರು. ಆದರೂ ಎರಡನೆಯದು ಓದಿದರು, ತಪ್ಪಿಲ್ಲದೆ. ಇನ್ನೂ ಜೋರು. ಇನ್ಸ್‌ಪೆಕ್ಟರರೂ ಹುರುಪಿನಿಂದ ತಟ್ಟಿದರು. ಮುದುಕ ಕಾಗದ ಮಡಚಿದರು, ಆದಾಬ್ ಮಾಡಿದರು, ಇಳಿದುಬಿಟ್ಟರು.

ಪಕ್ಕದಲ್ಲೇ ಕೂತಿದ್ದ ಇನ್ಸ್‌ಪೆಕ್ಟರ್ ಮುಂದೆ ಯಾಕೆ ಓದಲಿಲ್ಲ ಎಂದು ಕೇಳಿದರು.

“ಅಷ್ಟೇ ಬರ್ತದರಿ ಅವರಿಗೆ” ಅಂದೆ.

ಬರೆದುಕೊಂಡರು. ಎಷ್ಟು ಹಗುರಾಯಿತು ಜೀವ!

೧೯ ನವೆಂಬರ್

ಆರ್ಡರ್ ಬಂತು. ನಾನು ಹೆಡ್‌ಮಾಸ್ಟರ್. ಅವರು ಮನೆಗೆ.

ಚಾರ್ಜ್ ಕೊಡಲು ಬಂದರು. ಬೈಯಲಿ ಎಂದೇ ಕಾದೆ. ಬೈಯಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು.

“ಅವತ್ತ ಇಡೀ ಸಭಾ ನನ್ನ ಇಳಿಸ್ತು, ವೈಜಿನಾಥ. ಮ್ಯಾಲಿಂದ ನೋಡ್ದೆ ನಾ. ನೀ ಒಬ್ಬಾಂವ ಕೈ ಕಟ್ಕೊಂಡು ಕುಂತಿದ್ದಿ.”

ನಿಜ. ನಾನು ತಟ್ಟುವ ಅಗತ್ಯವೇ ಇರಲಿಲ್ಲ.

ಅದಕ್ಕೇ, ಉಳಿದ ಆರು ಸಾಲು ನನಗೊಬ್ಬನಿಗೆ ಓದಬೇಕಂತೆ. ನಿಂತುಕೊಂಡು ಓದಿದರು. ಚೆನ್ನಾಗಿತ್ತು — ಹಾಳಾಗಲಿ, ಬಹಳ ಚೆನ್ನಾಗಿತ್ತು. ಮುಗಿಸಿ, ಒಂದು ವಾಹ್ ಬಂದೀತೆಂದು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ನಾನು —